ಎಣ್ಣೆ ಹಚ್ಚದ ಮರಿಗಳು

ಹನುಮಸಾಗರ
೫ ಡಿಸೆಂಬರ್ ೨೦೨೫

ಪ್ರೀತಿಯ ಅಪ್ಪನಿಗೆ,

ಮಾರೆಮ್ಮ ಮಾಡುವ ನಮಸ್ಕಾರ. ನಾವೆಲ್ಲ ಇಲ್ಲಿ ಆರಾಮ ಎಂದು ಬರೆದರೆ ಸುಳ್ಳಾಗುತ್ತದೆ. ನೀನು ಮೊಬೈಲ್ ಬಂದ್ ಮಾಡಿ, ಕುರಿ ಹೊಡೆದುಕೊಂಡು ಗಂಗಾವತಿ ಕಡೆಯ ಗದ್ದೆಗಳಿಗೆ ಹೋದ ಮೇಲೆ, ಸಿಟ್ಟು ಇಳಿಯಲಿ ಎಂದು ಕಾದೆ. ಅದಕ್ಕೇ ತಡವಾಯಿತು, ತಪ್ಪು ತಿಳಿಯಬೇಡ. ಇನ್ನೂ ಕಾದರೆ ತಂಗಿ ದೀಪಿಕಾಳ ಕೂದಲೂ ಹಣ್ಣಾಗುತ್ತದೆ. ಕಳಕೇಶ ತರುವ ರೊಟ್ಟಿಗಂಟಿನಲ್ಲಿ ಈ ಕಾಗದ ಇಟ್ಟಿದ್ದೇನೆ. ಮೊದಲು ಊಟ ಮಾಡು, ಆಮೇಲೆ ಓದು.

ಶಾಲೆಯ ವಸ್ತುಪ್ರದರ್ಶನದಲ್ಲಿ ಆದದ್ದು ನಿನಗೆ ಗೊತ್ತೇ ಇದೆ. ಅಜ್ಜಿಯ ಕಾಲದ ಬೇವಿನೆಣ್ಣೆ ಔಷಧದಿಂದ ಮರಿಗಳ ಮೈಮೇಲಿನ ಉಣ್ಣಿ ನಿಜಕ್ಕೂ ಉದುರುತ್ತವೆಯೇ ಎಂದು ತಂಗಿ ಪರೀಕ್ಷೆ ಮಾಡಿದಳು. ಅರ್ಧ ಮರಿಗಳಿಗೆ ಹಚ್ಚಿದಳು, ಉಳಿದವನ್ನು ಹಾಗೇ ಬಿಟ್ಟಳು. ಎರಡೂ ಗುಂಪಿನಲ್ಲಿ ಉಣ್ಣಿ ಒಂದೇ ಸಮ ಕಡಿಮೆಯಾದವು. ಹಾಗಾದರೆ ಇದು ಎಣ್ಣೆಯ ಗುಣವಲ್ಲ ಎಂದು ಎಲ್ಲರೆದುರು ಹೇಳಿದಳು. ಹುಚ್ಚೀರಪ್ಪ ಕಾಕಾ ನಕ್ಕು, “ನಿನ್ನ ಮಗಳ ನಿನ್ನ ಔಷಧ ಸುಳ್ಳ ಅಂತಾಳ ನೋಡಪಾ” ಎಂದ. ನೀನು “ನಾಳಿಂದ ಸಾಲಿ ಸಾಕು” ಎಂದು ಎದ್ದು ಹೋದೆ.

ಮೊನ್ನೆ ಅವ್ವ ಬಾಯಿಬಿಟ್ಟಳು. ತಂಗಿ ಶಾಲೆಗೆ ಹೋದ ಮೇಲೆ ನೀನು ಉಳಿದ ಮರಿಗಳಿಗೂ ಎಣ್ಣೆ ಹಚ್ಚುತ್ತಿದ್ದೆಯಂತೆ. ಅವುಗಳಿಂದ ಎಣ್ಣೆಯ ವಾಸನೆ ಬಂದರೂ, ಒಂದಕ್ಕೊಂದು ಮೈ ತಿಕ್ಕಿದ್ದಕ್ಕೆ ಇರಬೇಕು ಎಂದುಕೊಂಡಿದ್ದಳು ತಂಗಿ. ಕೇಳಿ ಅಳಲೂ ಇಲ್ಲ, ನಿನ್ನನ್ನು ಬೈಯಲೂ ಇಲ್ಲ. “ಹಂಗಾದ್ರ ಔಷಧ ಸುಳ್ಳಲ್ಲ, ಖರೇನೂ ಅಲ್ಲ. ಇನ್ನೂ ಗೊತ್ತಿಲ್ಲ, ಅಷ್ಟ” ಎಂದಳು. ನನಗೆ ಹೆಮ್ಮೆಯಾಯಿತು ಅಪ್ಪ.

ಸೋಮವಾರ ಕೊಪ್ಪಳದಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆ. ಒಬ್ಬ ಮಾಸ್ತರರು, “ಎಣ್ಣಿಯಿಂದ ಗುಣ ಆತು ಅಂತ ಬರಿ, ಬಹುಮಾನ ಬರ್ತೈತಿ” ಎಂದರಂತೆ. ಲಲಿತಾ ಟೀಚರ್ ಮನೆಗೇ ಬಂದು, “ಕೆಟ್ಟಿದ್ದನ್ನ ಕೆಟ್ಟೈತಿ ಅಂತನ ಹೇಳು, ಮತ್ತ ಹೊಸದಾಗಿ ಮಾಡೋಣು. ಈ ಪ್ರಶ್ನಿ ಯಾವ ಪುಸ್ತಕದಾಗೂ ಇಲ್ಲ, ಇದು ನಿಂದು” ಎಂದು ಧೈರ್ಯ ತುಂಬಿದರು. ಅವಳಿಗೂ ಅದೇ ಮನಸ್ಸು. ಆದರೆ ಹೇಳಿದರೆ ನಿನ್ನ ಹೆಸರು ಬರುತ್ತದೆ. “ಅಪ್ಪ ಹೂಂ ಅನ್ನದ ನಾ ಹೋಗಂಗಿಲ್ಲ” ಎಂದು ಕೂತಿದ್ದಾಳೆ. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡುತ್ತಾಳೆ. ಅವಳ ಮುಖ ನೋಡಲು ನನಗೆ ಭಯವಾಗುತ್ತಿದೆ.

ಭಾನುವಾರ ಸಂಜೆಯೊಳಗೆ ಅವಳಿಗೆ ಫೋನ್ ಮಾಡಿ, “ಹೋಗು, ಇದ್ದದ್ದನ್ನು ಇದ್ದಂತೆ ಹೇಳು” ಎನ್ನು. ತಿರುಗಿ ಬಂದ ಮೇಲೆ ಅರ್ಧ ಮರಿಗಳನ್ನು ಎಣ್ಣೆ ಹಚ್ಚದೆ ಅವಳಿಗೆ ಬಿಟ್ಟು ಕೈಕಟ್ಟಿ ನಿಲ್ಲು. ಅದು ನಿನಗೆ ಕಷ್ಟ ಎಂದು ನನಗೆ ಗೊತ್ತು.

ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ. ಗದ್ದೆಯಲ್ಲಿ ಥಂಡಿ ಬಹಳ, ಕಂಬಳಿ ಬಿಗಿಯಾಗಿ ಹೊದ್ದುಕೋ.

ನಿನ್ನ ಹಿರಿಮಗಳು,
ಮಾರೆಮ್ಮ

ತಾ.ಕ.: ಎಣ್ಣೆ ಹಚ್ಚದ ಮರಿಗಳನ್ನು ನೋಡಿ ನಿನ್ನ ಕರುಳು ಚುರ್ ಎಂದಿತಂತೆ. “ಎರಡು ಥರ ಮಾಡಾಕ ನನ್ನ ಕೈಲೆ ಆಗಲಿಲ್ಲ” ಎಂದೆಯಂತೆ ಅವ್ವನ ಮುಂದೆ. ನಾನು ಏಳನೇ ತರಗತಿ ಮುಗಿಸಿದ ವರ್ಷ ನನ್ನನ್ನು ಕುರಿಗಳ ಹಿಂದೆ ಕಳಿಸಿ, ತಂಗಿಯನ್ನು ಶಾಲೆಗೆ ಸೇರಿಸಿದೆ. ಆಗ ನಿನ್ನ ಕೈಲಿ ಆಗಿತ್ತಲ್ಲ ಅಪ್ಪ. ಇದುವರೆಗೂ ನಾನು ಕೇಳಿಲ್ಲ, ಈಗಲೂ ನನಗೆ ಉತ್ತರ ಬೇಡ. ಅವಳನ್ನೂ ಶಾಲೆ ಬಿಡಿಸಿ ನಮ್ಮಿಬ್ಬರನ್ನು ಸಮ ಮಾಡಬೇಡ.