ಮಧ್ಯಾಹ್ನದೊಳಗೆ ಕಟ್ಟಬೇಕಾದ ನೂಲು

ತಾವಿಕ್,

ಜ್ವರ ಈಗಷ್ಟೇ ಇಳಿದಿದೆ, ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಗಂಜಿ ಒಲೆಯ ಪಕ್ಕದಲ್ಲಿದೆ, ಚೆಲ್ಲದೆ ಪೂರ್ತಿ ಕುಡಿ. ಕುಂಟು ಮೇಕೆಯನ್ನು ಹೊರಗೆ ಬಿಡಬೇಡ.

ರಾಣಿಯ ಸಭೆಯಿಂದ ನನಗೆ ಕರೆ ಬಂದಿದೆ. ಮಧ್ಯಾಹ್ನ ಸತ್ಯದ ಕಲ್ಲಿನ ಮೇಲೆ ನನ್ನ ಕೈ ಇರಿಸಿ, ಓಡಿಹೋದ ರಾಜಕುಮಾರ ಎಲ್ಲಿದ್ದಾನೆಂದು ಕೇಳುತ್ತಾರೆ. ಅದನ್ನು ಮುಟ್ಟಿದವನಿಗೆ ಸುಳ್ಳು ಹೇಳಲೂ ಆಗದು, ಸುಮ್ಮನಿರಲೂ ಆಗದು. ಕರೆ ತಂದ ಮುದುಕಿ ನಿನ್ನನ್ನು ಗುರುತು ಹಿಡಿದಿದ್ದಾಳೆ, ಆದರೆ ಯಾರಿಗೂ ಹೇಳುವವಳಲ್ಲ. "ಮದುವೆ ನೂಲು ಕಟ್ಕೊಂಡ ಜೋಡೀಲಿ ಒಬ್ಬರ ಗುಟ್ಟನ್ನ ಇನ್ನೊಬ್ಬರ ಬಾಯಿಂದ ಆ ಕಲ್ಲು ಎಳೆಯಲ್ಲ ಕಣಪ್ಪ. ಏಳು ವರ್ಷ ಒಟ್ಟಿಗಿದ್ದು ಏನ್ ಮಾಡ್ತಿದ್ರಿ ಇಬ್ರೂ?" ಅಂದಳು.

ನೂಲು ಕಟ್ಟಿಕೊಳ್ಳೋಣವೇ ಎಂದು ಕೇಳಲು ನಾನು ಹೆದರಿದ್ದೆ. ನೀನು ಒಂದು ದಿನ ಸಿಂಹಾಸನಕ್ಕೆ ಹಿಂತಿರುಗುವವನು, ಮೇಕೆ ಕಾಯುವವನ ನೂಲು ನಿನಗೆ ತೊಡಕಾದೀತು ಎಂದುಕೊಂಡಿದ್ದೆ. "ಈ ಕೊಟ್ಟಿಗೆಗೆ ನಾನೇ ದೊರೆ ಕಣೋ, ಇನ್ನೇನು ಬೇಕು?" ಎಂದು ನೀನು ನಕ್ಕಾಗಲೂ ನಂಬಲಿಲ್ಲ.

ನೂಲಿನ ಅರ್ಧವನ್ನು ನನ್ನ ಮಣಿಕಟ್ಟಿಗೆ ಕಟ್ಟಿಕೊಂಡಿದ್ದೇನೆ. ಉಳಿದರ್ಧ ನಿನ್ನ ದಿಂಬಿನ ಮೇಲಿದೆ. ಮನಸ್ಸಿದ್ದರೆ ಮಾತ್ರ ಕಟ್ಟಿಕೋ. ಇಲ್ಲವಾದರೆ ಎದ್ದ ಕೂಡಲೇ ಕಣಿವೆ ದಾಟು, ರೊಟ್ಟಿ ಗಂಟುಕಟ್ಟಿ ಇಟ್ಟಿದ್ದೇನೆ. ನಿನಗೆ ಸಮಯ ಸಿಗಲೆಂದು ನಾನು ಸುತ್ತುದಾರಿಯಲ್ಲೇ ಹೋಗುತ್ತೇನೆ.

ಕಲ್ಲಿನ ಮುಂದೆ ನನ್ನ ಬಾಯಿ ತೆರೆಯದಿದ್ದರೆ, ನಿನ್ನ ಉತ್ತರ ನನಗೆ ಅಲ್ಲಿಯೇ ತಿಳಿಯುತ್ತದೆ.

ಓರೆನ್