ತಾರವ್ವನಿಗೆ ಸಿಗದ ಪಾತ್ರ

ರಬಕವಿ
೧೪ ಸೆಪ್ಟೆಂಬರ್ ೨೦೨೪

ಪ್ರಿಯ ಗೆಳತಿ ಗಂಗಾಂಬಿಕಾ,

ಬೀಳಗಿಯಿಂದ ನೀನು ಬರೆದ ಪತ್ರ ಕೈಸೇರಿ ಐದು ವಾರಗಳಾದವು. ಮೊಣಕಾಲ ನೋವನ್ನು ನೆಪವಾಗಿ ಹೇಳಬಹುದಿತ್ತು. ಮೊಣಕಾಲಿನಿಂದ ಯಾರೂ ಪತ್ರ ಬರೆಯುವುದಿಲ್ಲವೆಂದು ನೀನು ನಗುವೆ. ಕ್ಷಮಿಸು. ನಿನ್ನ ಕಣ್ಣಿನ ಶಸ್ತ್ರಚಿಕಿತ್ಸೆ ಸುಗಮವಾಗಿ ಮುಗಿದದ್ದು ತಿಳಿದು ಸಮಾಧಾನವಾಯಿತು. ನಿನಗಾಗಿ ಅಕ್ಷರಗಳನ್ನು ದೊಡ್ಡದಾಗಿ ಬರೆಯುತ್ತಿದ್ದೇನೆ.

ನಮ್ಮೂರಿಗೆ ಚಲನಚಿತ್ರದವರು ಬಂದಿದ್ದಾರೆ. ನೇಕಾರ ಹೆಣ್ಣುಮಗಳೊಬ್ಬಳ ಕಥೆಯಂತೆ. ನಿರ್ದೇಶಕ ಚಿದಾನಂದ ಬೆಂಗಳೂರಿನವನು, ವಿನಯವಂತ. ಮುಖ್ಯ ಪಾತ್ರಕ್ಕೆ ಇಲ್ಲಿಯವರೇ ಬೇಕೆಂದು ನಾವಿಬ್ಬರೂ ಪಾಠ ಹೇಳಿದ ಹಳೆಯ ಶಾಲೆಯ ಸಭಾಂಗಣದಲ್ಲಿ ಆಯ್ಕೆ ಏರ್ಪಡಿಸಿದ. ಭಾಷೆಯ ಬಗ್ಗೆ ಸಲಹೆ ನೀಡಲು ನನ್ನನ್ನೂ ಕರೆದ. ನಾನು ತಾರವ್ವನಿಗೆ ಹೇಳಿಕಳುಹಿಸಿದೆ. ನೆನಪಿದೆಯೇ, ಶಾಲೆಯ ನಾಟಕದಲ್ಲಿ ರಾಣಿಯಾಗಿ ನಿಂತರೆ ಪರಿವೀಕ್ಷಕರು ಕೂಡ ಚಹಾ ಕುಡಿಯುವುದನ್ನು ಮರೆಯುತ್ತಿದ್ದರಲ್ಲ, ಆ ಹುಡುಗಿ? ಈಗ ಅವಳಿಗೆ ನಲವತ್ತೆರಡು. ಗಂಡ ತುಕಾರಾಮನೊಂದಿಗೆ ಮನೆಯ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾಳೆ. ಕೈಯಲ್ಲಿ ಲಾಳಿ ಹಿಡಿದೇ ಓಡಿ ಬಂದಳು. “ಇಷ್ಟು ವರ್ಷ ನಾನು ನೇಯ್ದ ಸೀರೆಯನ್ನು ಜನ ನೋಡಿದ್ದಾರೆ, ಅಕ್ಕಾರೇ. ನೇಯ್ದವಳ ಮುಖವನ್ನೂ ಒಮ್ಮೆ ನೋಡಲಿ,” ಎಂದಳು.

ರೇಷ್ಮೆ ಸೀರೆ ಉಟ್ಟು ಬಾ, ಶಾಲೆಯಲ್ಲಿ ಕಲಿಸಿದಂತೆ ಸ್ಪಷ್ಟವಾಗಿ ಮಾತನಾಡು ಎಂದೆ. ಹಾಗೆಯೇ ಬಂದಳು. ಒಂದಕ್ಷರವೂ ಜಾರಲಿಲ್ಲ. ಚಿದಾನಂದ ಆಮೇಲೆ ನನಗೆ ಹೇಳಿದ್ದೇನು ಗೊತ್ತೇ? “ಇವರಲ್ಲಿ ಸಹಜತೆ ಇಲ್ಲ ಮೇಡಂ. ನೇಕಾರ ಹೆಂಗಸು ಅಂತ ಅನ್ನಿಸುವುದೇ ಇಲ್ಲ.” ಇಪ್ಪತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವಳ ಬಗ್ಗೆ ಈ ಮಾತು!

ಪಾತ್ರ ಮೈಸೂರಿನ ಪ್ರೀತಿ ಎಂಬ ನಟಿಗೆ ಹೋಯಿತು. ಹಾಲಿನಂಥ ಮೈಬಣ್ಣದ ಹುಡುಗಿ. ಅವಳ ಮುಖಕ್ಕೂ ತೋಳಿಗೂ ಕಂದು ಬಣ್ಣ ಬಳಿದು ನೋಡುತ್ತಿದ್ದಾರೆ. ಹೊಸ ಸೀರೆಯನ್ನು ಚಹಾದ ನೀರಿನಲ್ಲಿ ಅದ್ದಿ ಹಳತು ಮಾಡುತ್ತಿದ್ದಾರೆ. ದಸರೆಯ ನಂತರ ಚಿತ್ರೀಕರಣ. ಅಷ್ಟರಲ್ಲಿ ಮಗ್ಗ ಕಲಿಯಲೆಂದು ಅವಳನ್ನು ಕಳುಹಿಸಿದ್ದು ತಾರವ್ವನ ಮನೆಗೇ! ತಾರವ್ವ ಒಲ್ಲೆ ಎನ್ನಲಿಲ್ಲ.

ಊರಿನಲ್ಲಿ ಗದ್ದಲವೆದ್ದಿದೆ. ವಿದ್ಯುತ್ ಮಗ್ಗದ ಕೆಲಸಗಾರ ಸಂಜು ಮನವಿಪತ್ರ ಹಿಡಿದು ನನ್ನಲ್ಲಿಗೆ ಬಂದ.

“ನಮ್ಮ ಬಣ್ಣಾ ಬಳಕೊಂಡು ನಮ್ಮ ಪಾರ್ಟ ಮಾಡ್ತಾರಂದ್ರ ನಾವೇನ ಸತ್ತೇವೇನ್ರೀ ಅಕ್ಕಾರ? ಪಾರ್ಟ ತಾರಕ್ಕಗ ಕೊಡಬೇಕು. ಮೊದಲನೇ ಸಹಿ ನಿಮ್ದರೀ.”

ಪಕ್ಕದ ಮನೆಯ ಪರಮಾನಂದ ಕಟ್ಟೆಯ ಮೇಲಿನಿಂದಲೇ ಕೂಗಿದ. “ಹಂಗಾದ್ರ ರಾಜನ ಪಾರ್ಟಿಗೆ ರಾಜನ್ನ ಎಲ್ಲಿಂದ ತರ್ತೀಲೇ? ನಟಿ ಅಂದಮ್ಯಾಲ ಆಕಿ ಕೆಲಸಾನ ಅದು.”

“ರಾಜಾ ಸಿಗಂಗಿಲ್ಲ ಖರೆ, ಕಾಕಾ. ತಾರಕ್ಕ ಇಲ್ಲೇ ಓಣ್ಯಾಗ ಅದಾಳಲ್ಲ!”

ನಾನು ಮನವಿಯ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟೆ, ಸಹಿ ಮಾಡಲಿಲ್ಲ. ಮುಂದಿನ ಶನಿವಾರ ಸಂಜು ಮತ್ತೆ ಬರುತ್ತಾನೆ.

ಮೊನ್ನೆ ತಾರವ್ವನ ಮನೆಗೆ ಹೋಗಿದ್ದೆ. ಅವಳ ದನಿ ಬೀದಿಗೇ ಕೇಳಿಸುತ್ತಿತ್ತು.

“ಏ ತಂಗಿ, ಕಾಲಾಗ ಜೀವ ಇಲ್ಲೇನ ನಿನಗ? ಜೋರ ತುಳಿ! ಮಗ್ಗ ಅಂದ್ರ ಗಂಡ ಇದ್ದಂಗ, ಮೆತ್ತಗ ಹೇಳಿದ್ರ ಕೇಳಂಗಿಲ್ಲ.”

“ನಾ ಯಾವಾಗ ಕೇಳಿಲ್ಲ?” ಎಂದ ತುಕಾರಾಮ.

“ನೀವು ಸುಮ್ನ ನೂಲು ಸುತ್ತರಿ!”

ಪ್ರೀತಿ ಬಿದ್ದು ಬಿದ್ದು ನಗುತ್ತಿದ್ದಳು. ಆ ಗತ್ತು, ಆ ಕೈಬೀಸು! ಚಿದಾನಂದ ಊರೂರು ಅಲೆದು ಹುಡುಕಿದ್ದು ಇದನ್ನೇ ಅಲ್ಲವೇ ಎಂದುಕೊಂಡು ನಾನು ಒಳಗೆ ಕಾಲಿಟ್ಟೆ. ತಾರವ್ವ ಥಟ್ಟನೆ ಎದ್ದು, ಸೆರಗು ಹೊದ್ದು, ಕೈಕಟ್ಟಿ ನಿಂತಳು. “ಬನ್ನಿ ಅಕ್ಕಾರೇ, ಕುಳಿತುಕೊಳ್ಳಿ. ತಮ್ಮ ಆರೋಗ್ಯ ಹೇಗಿದೆ?”

ಬಹಳ ಹೊತ್ತು ಕೂರಲಾಗಲಿಲ್ಲ, ಗಂಗಾ.

ಸಹಿ ಮಾಡಲೇ, ಬೇಡವೇ? ನಿನಗೆ ತೋಚಿದ್ದನ್ನು ಬೇಗ ಬರೆ. ಕಣ್ಣಿಗೆ ಔಷಧ ಹಾಕುವುದನ್ನು ಮರೆಯಬೇಡ. ಮೊಮ್ಮಗಳು ಐಶ್ವರ್ಯಳಿಗೆ ನನ್ನ ಆಶೀರ್ವಾದ. ಅವಳು ಎತ್ತರವಾಗಿ, ಗಟ್ಟಿಯಾಗಿ, ಯಾರಿಗೂ ಅಂಜದೆ ಬೆಳೆಯಲಿ.

ಇಂತು ನಿನ್ನ
ಮಹಾದೇವಿ

ಮ.ಸೂ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ಒಂದು ಮಾತು ನಿನಗೆ ಹೇಳಲಿಲ್ಲ. ಆಯ್ಕೆಯ ದಿನ ತಾರವ್ವನ ಮೊದಲ ಸರದಿ ಮುಗಿದಾಗ ಚಿದಾನಂದ ನನ್ನ ಬಳಿ ಬಂದು ಬಗ್ಗಿ ಕೇಳಿದ: “ಮೇಡಂ, ನಿಮ್ಮನ್ನು ನೋಡಿ ಅವರು ಅಂಜುತ್ತಿದ್ದಾರೆ. ಐದು ನಿಮಿಷ ಹೊರಗೆ ಕುಳಿತಿರುತ್ತೀರಾ? ಮನೆಯಲ್ಲಿ ಮಾತನಾಡುವ ಹಾಗೆ ಇನ್ನೊಮ್ಮೆ ಹೇಳಿಸಿ ನೋಡುತ್ತೇನೆ.” ನಾನು ಏಳಲಿಲ್ಲ. “ಅವಳು ನನ್ನ ಶಿಷ್ಯೆ, ನನ್ನೆದುರಿಗೇ ಮಾತನಾಡಲಿ,” ಎಂದೆ, ಸಭಾಂಗಣಕ್ಕೆಲ್ಲ ಕೇಳಿಸುವಂತೆ. ತಾರವ್ವ ನನ್ನ ಮುಖ ನೋಡಿದಳು. ಸೆರಗು ಸರಿಪಡಿಸಿ ಕೈಕಟ್ಟಿದಳು. ಆಮೇಲೆ ಅದೇ ಸಾಲುಗಳನ್ನು ಪಾಠದಂತೆ ಒಪ್ಪಿಸಿದಳು.

ಮುಗಿಸಿ ನೇರವಾಗಿ ನನ್ನ ಹತ್ತಿರ ಬಂದು ಕೇಳಿದಳು: “ಎಲ್ಲಿಯೂ ತಪ್ಪಲಿಲ್ಲವಲ್ಲ, ಅಕ್ಕಾರೇ?”

“ಇಲ್ಲ,” ಎಂದೆ. “ಒಂದೂ ತಪ್ಪಿಲ್ಲ.”

ಅವಳ ಮುಖ ಅರಳಿತು.