ಅಜ್ಜಿ ಬಿದ್ದ ಬಾವಿ

ಸೋಮವಾರ, ಬೆಳಿಗ್ಗೆ

ಬೇಕರಿಗೆ ರಜೆ ಹೇಳಿದೆ. ಅಜ್ಜಿಯ ತಲೆ ಬಾಚಿ ಮಾತ್ರೆ ನುಂಗಿಸುವಷ್ಟರಲ್ಲಿ ಲೋಟ ಮತ್ತೆ ಕೈಜಾರಿತು. ಬಲಗೈಗೆ ಬಲವೇ ಇಲ್ಲ. ಕುತ್ತಿಗೆಯ ಮೂಳೆ ನರವನ್ನು ಒತ್ತುತ್ತಿದೆಯಂತೆ. ತಡಮಾಡಿದರೆ ಕಾಲೂ ಹೋಗಬಹುದು ಅಂದಿದ್ದಾರೆ ಡಾಕ್ಟರ್. ಗುರುವಾರ ಎಂಆರ್‌ಐ. ಮೈಯೊಳಗೆ ಲೋಹವಿದ್ದರೆ ಆ ಮೆಷಿನ್ ಅಪಾಯ. "ಏನಾದ್ರೂ ಇದ್ಯಾ ಅಜ್ಜಿ?" ಅಂತ ಕೇಳಿದ್ದರು.

"ಬಾಯಲ್ಲಿ ಹಲ್ಲೇ ಇಲ್ಲ, ಲೋಹ ಎಲ್ಲಿಂದ ಬರ್ಬೇಕು."

ಡಾಕ್ಟರ್ ನಕ್ಕಿದ್ದರು. ನಾನೂ.

ಮಂಗಳವಾರ

ಆಸ್ಪತ್ರೆಗೆ ಬಟ್ಟೆ ಜೋಡಿಸಲು ಅಜ್ಜಿಯ ಟ್ರಂಕ್ ತೆಗೆದೆ. ಶಾಲುಗಳ ಅಡಿಯಲ್ಲಿ ಚರ್ಮದ ಕೈಗವಸು. ಬೈಕ್ ಓಡಿಸುವವರ ಕನ್ನಡಕ, ಒಂದು ಗಾಜು ಬಿರಿದದ್ದು. ಜೊತೆಗೊಂದು ಫೋಟೊ. ಭಾರೀ ಪೀಪಾಯಿಯಂಥ ಮರದ ಗೋಡೆ. ಅದರ ಒಳಮೈಯಲ್ಲಿ, ನೆಲಕ್ಕೆ ಅಡ್ಡಡ್ಡವಾಗಿ, ಬೈಕ್ ಮೇಲೊಬ್ಬ ಹುಡುಗಿ. ಎರಡೂ ಕೈ ಬಿಟ್ಟಿದ್ದಾಳೆ. ಮೇಲಿನ ಅಂಚಿನಿಂದ ಜನ ಬಗ್ಗಿ ನೋಡುತ್ತಿದ್ದಾರೆ.

ಸರ್ಕಸ್ಸಿನ ಸಾವಿನ ಬಾವಿ.

ಆ ಗಲ್ಲ, ಆ ಮೂಗು... ಅಜ್ಜಿ.

ತೊಡೆಯ ಉದ್ದನೆಯ ಕಲೆಯ ಬಗ್ಗೆ ಯಾರೇ ಕೇಳಿದರೂ ಅವಳದು ಒಂದೇ ಉತ್ತರ — "ಬಾವಿಗೆ ಬಿದ್ದಿದ್ದೆ." ನಾವೆಲ್ಲ ನೀರಿನ ಬಾವಿ ಅಂದುಕೊಂಡಿದ್ದೆವು.

ಬುಧವಾರ, ಮಧ್ಯಾಹ್ನ

ಫೋಟೊ ಮುಂದಿಟ್ಟೆ. ಎಡಗೈಯಿಂದ ಅದನ್ನು ಮಗುಚಿಟ್ಟಳು.

"ಬಾಗ್ಲು ಹಾಕು."

ಹಾಕಿದೆ.

ಹದಿನೆಂಟಕ್ಕೆ ಮನೆ ಬಿಟ್ಟು ಸರ್ಕಸ್ ಸೇರಿದಳಂತೆ. ಊರೂರು ಸುತ್ತಾಟ. "ಕೆಳಗೆ ನೋಡಿದ್ರೆ ಬೀಳ್ತೀವಿ, ನಿಧಾನ ಮಾಡಿದ್ರೂ ಬೀಳ್ತೀವಿ. ಹೆದರೋಕೆ ಪುರುಸೊತ್ತೇ ಇರ್ಲಿಲ್ಲ ಕಣೇ." ಒಂದು ದಿನ ಓಟದ ನಡುವೆ ಹಲಗೆಯೊಂದು ಕಿತ್ತುಬಂತು. ತೊಡೆಮೂಳೆ ಮುರಿಯಿತು.

"ಒಳಗೆ ಸರಳು ಹಾಕಿದ್ರಾ?"

ಸೆರಗನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಅಜ್ಜಿ, ನಾಳೆ ಆ ಮೆಷಿನ್ನೊಳಗೆ ಹೋಗ್ತೀಯ."

"ಇದೆ. ಹೇಳಿದ್ರೆ ನಿಮ್ಮಪ್ಪ ಒಂದಕ್ಕೆ ಹತ್ತು ಕೇಳ್ತಾನೆ. ಆ ಹಲಗೆ ಬಡಿದಿದ್ದು ನಿಮ್ಮಜ್ಜ."

ಅಜ್ಜ. ಬಡಗಿ. ಅಪ್ಪನ ಪಾಲಿಗೆ ದೇವರು. ತನ್ನಪ್ಪ ಹೊಡೆದ ಮೊಳೆ ಸಡಿಲವಾದದ್ದೇ ಇಲ್ಲ ಅಂತ ಇವತ್ತಿಗೂ ಎದೆಯುಬ್ಬಿಸುತ್ತಾನೆ.

"ಸತ್ತೋರ ಹೆಸರು ಕೆಡಿಸ್ಬೇಡ," ಅಂದಳು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದವಳು ಬಿಡಲೇ ಇಲ್ಲ.

ಅತ್ತ ದರಿ, ಇತ್ತ ಪುಲಿ.

ಗುರುವಾರ

ಸ್ಕ್ಯಾನ್ ಕೋಣೆಯ ಬಾಗಿಲು. ಅಜ್ಜಿ ಸ್ಟ್ರೆಚರ್ ಮೇಲೆ, ಕಣ್ಣು ನನ್ನ ಮೇಲೆ. ಅಪ್ಪ ಪಕ್ಕದಲ್ಲೇ. ಟೆಕ್ನಿಷಿಯನ್ ಕೊನೆಯ ಸಲ ಕೇಳಿದಳು — ಲೋಹ? ಇಲ್ಲ ಅಂತ ಅಜ್ಜಿ ತಲೆಯಾಡಿಸಿದಳು. ಸ್ಟ್ರೆಚರ್ ಒಳಗೆ ಹೊರಟಿತು.

"ನಿಲ್ಸಿ. ತೊಡೇಲಿ ಸರಳಿದೆ."

ಅಪ್ಪ ನನ್ನನ್ನು ನೋಡಿದ. ಅಜ್ಜಿ ನೋಡಲಿಲ್ಲ.

ಎಕ್ಸ್‌ರೇ ತೆಗೆದರು. ತೊಡೆಯುದ್ದಕ್ಕೂ ಬೆಳ್ಳನೆಯ ಗೆರೆ. ಬೇರೆ ಸ್ಕ್ಯಾನ್ ಮಾಡಿ ನಾಳೆಯೇ ಆಪರೇಷನ್ ಅಂದರು ಡಾಕ್ಟರ್. ಕಾರಿಡಾರಿನಲ್ಲಿ ಅಪ್ಪ ಕೇಳಿದ, ಅಜ್ಜಿ ಎಲ್ಲ ಹೇಳಿದಳು. ಸರ್ಕಸ್, ಬೈಕ್, ಬಾವಿ. ಹಲಗೆಯ ಮಾತೊಂದನ್ನು ಬಿಟ್ಟು. "ಹ್ಯಾಂಡಲ್ ಮೇಲೆ ಕೈ ಜಾರ್ತು," ಅಂದಳು.

ನಾನು ತುಟಿ ಬಿಚ್ಚಲಿಲ್ಲ.

ಭಾನುವಾರ, ಸಂಜೆ

ನಡುವೆ ಬರೆಯಲಾಗಲಿಲ್ಲ. ಆಪರೇಷನ್ ಸರಿಯಾಯಿತು, ಬೆರಳು ಆಡುತ್ತಿವೆ. ನನ್ನ ಜೊತೆ ಮಾತ್ರ ಅಜ್ಜಿ ಮಾತು ಬಿಟ್ಟಿದ್ದಾಳೆ.

ಅಪ್ಪ ಮನೆಯಿಂದ ಫೋಟೊ ತಂದು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ. "ಎರಡೂ ಕೈ ಬಿಟ್ಟು ಓಡಿಸೋಳಿಗೆ ಕೈ ಜಾರತ್ತಾ?" ಫೋಟೊದ ಹಲಗೆಗಳ ಮೇಲೆ ಬೆರಳಾಡಿಸಿ, "ಮೊಳೆ ಹೊಡೆದಾದ್ಮೇಲೆ ನಮ್ಮಪ್ಪ ಒಂದೊಂದು ಹಲಗೆ ಮೇಲೂ ಹತ್ತಿ ಕುಣೀತಿದ್ದ. ನಾವು ನಗ್ತಿದ್ವಿ."

ಎದ್ದು ಒಳಗೆ ಹೋದ. ನಾನು ಹಿಂದೆಯೇ.

"ಅಮ್ಮಾ, ಆ ಬಾವಿ ಕಟ್ಟಿದ್ದು ಅಪ್ಪನಾ?"

ಅಜ್ಜಿ ನನ್ನತ್ತ ನೋಡಿದಳು. ನಾನು ಹೇಳಿಲ್ಲ ಅಂತ ಕೈಯಾಡಿಸಿದೆ.

"ಹೂಂ ಕಣೋ. ನಾನು ಬಿದ್ಮೇಲೆ ಅನ್ನ ನೀರು ಬಿಟ್ಟು ಆಸ್ಪತ್ರೆ ಬಾಗ್ಲಲ್ಲೇ ಕೂತಿದ್ರು. ನಾನೇ ಮದ್ವೆ ಆಗಿ ಅಂದೆ. ಇಲ್ದಿದ್ರೆ ಆ ಮನುಷ್ಯ ಉಳೀತಿರ್ಲಿಲ್ಲ."

ಅಪ್ಪ ಮಂಚದ ಅಂಚಿಗೆ ಕುಸಿದು ಅತ್ತ. ನಾನು ಹೊರಗೆ ಬಂದೆ. ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಅಪ್ಪ ಏನೋ ಕೇಳುತ್ತಿದ್ದಾನೆ, ಅಜ್ಜಿ ನಗುತ್ತಿದ್ದಾಳೆ. ಈಗ ಕೂಗಿದಳು — "ಎಲ್ಲೋದ್ಲು ಆ ಚಾಡಿಕೋರಿ? ಒಳಗ್ ಬಾ ಅನ್ನು, ಮದ್ವೆ ದಿನ ಏನಾಯ್ತು ಅಂದ್ರೆ —"